ನಮ್ಮೂರ ಗುಂಡು ದೇವರಾದದ್ದು

ನಮ್ಮೂರು ಒಂದು ಪುಟ್ಟ ದೇಶ. ಕೊಟ್ಟೂರಿನಿಂದ ಉಜ್ಜಿನಿ ಕಡೆ ಹೊರಟ ಬಸ್ಸು ಮನಸ್ಸಿಲ್ಲದ ಮನಸ್ಸಿನಿಂದ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಮ್ಮ ಗಡಿ ಶುರು. ದೇಶ ಅಂದಮೇಲೆ ಕ್ರೀಡೆಯಲ್ಲಿ ಸಾಧನೆ ಬೇಕಲ್ಲ, ಅದಕ್ಕೇನೂ ಬರ ಇಲ್ಲ. ನಮ್ಮ ಕಬಡ್ಡಿ ತಂಡ ಒಮ್ಮೆ ಹಗರಿಬೊಮ್ಮನಹಳ್ಳಿಗೆ ಹೋಗಿ ಸೋತು ಬಂತು. ಬಸ್ಸು ಕೊಟ್ಟೂರು ಮುಟ್ಟುವಷ್ಟರಲ್ಲಿ ಆ ಸೋಲು ಸಮಬಲವಾಗಿತ್ತು, ನಮ್ಮೂರ ಚಹದಂಗಡಿ ಮುಟ್ಟುವಷ್ಟರಲ್ಲಿ ಗೆಲುವಾಗಿತ್ತು. ಆ ಗೆಲುವಿನ ಫ್ಲೆಕ್ಸು ಈಗಲೂ ಒಬ್ಬರ ಕುರಿಹಟ್ಟಿಗೆ ಬಿಸಿಲು ತಡೆಯುತ್ತಿದೆ.

ಒಲಿಂಪಿಕ್ಸ್ ಬಂತೆಂದರೆ ಕಟ್ಟೆಯ ಮೇಲಿನ ಗಂಡಸರಿಗೆ ಊಟ ಸೇರುವುದಿಲ್ಲ. ಯಾವುದೋ ಅಂಗೈಯಗಲದ ದೇಶ ಚಿನ್ನ ಗೆದ್ದದ್ದನ್ನು ಮೊಬೈಲಿನಲ್ಲಿ ನೋಡಿ, "ಅವ್ರಿಗೆ ಆಗ್ತೈತಿ, ನಮಗ್ಯಾಕ ಆಗಂಗಿಲ್ಲ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಗೋಡೆಗೆ ಬೆನ್ನು ಆನಿಸಿಕೊಂಡೇ ಕೇಳುತ್ತಾರೆ.

ಕಟ್ಟೆಯ ಎದುರಿಗೇ ಗರಡಿಮನೆ. ಅದರ ಅಂಗಳದಲ್ಲಿ ಒಂದು ಗುಂಡುಕಲ್ಲು. ಊರವರ ಮುಂದೆ ಅದನ್ನು ಎದೆಮಟ್ಟ ಎತ್ತಿದವರ ಹೆಸರನ್ನು ಗರಡಿಯ ಗೋಡೆಯ ಮೇಲೆ ಬರೆಸುವುದು ಹಿಂದಿನಿಂದ ಬಂದ ಪದ್ಧತಿ. ಕೊನೆಯ ಹೆಸರು ನನ್ನ ಮಾವನವರದು. ಅದರ ಕೆಳಗಿನ ಜಾಗ ಅವರ ತಲೆ ನರೆತರೂ ಖಾಲಿಯೇ ಉಳಿದಿತ್ತು. ನಮ್ಮ ಹುಡುಗರಿಗೆ ಆ ಕಲ್ಲಿನ ಮೇಲೆ ಪ್ರೀತಿ ಇಲ್ಲ ಎನ್ನುವಂತಿಲ್ಲ. ಅದರ ಮೇಲೆ ಒಂದು ಕಾಲಿಟ್ಟು, ಕಪ್ಪು ಕನ್ನಡಕ ಹಾಕಿ, ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಆ ಖಾಲಿ ಜಾಗದ ಮೇಲೆ ಕಣ್ಣಿಟ್ಟವಳು ನನ್ನ ಮಗಳು. ಕೊಟ್ಟೂರಿನ ಕಾಲೇಜಿಗೆ ಹೋಗುವ ಮೊದಲು, ನಸುಕಿನಲ್ಲಿ ಅಜ್ಜನನ್ನು ಕರೆದುಕೊಂಡು ಗರಡಿಯ ಅಂಗಳಕ್ಕೆ ಹೋಗುತ್ತಿದ್ದಳು. "ಕಲ್ಲಿನ ಕೂಡ ಜಗಳಾಡಬ್ಯಾಡ. ಕೂಸಿನ್ನ ಎತ್ತಿಕೊಂಡಂಗ ಅಪ್ಪಿಕೋ," ಎನ್ನುತ್ತಿದ್ದರು ಮಾವ. ಮೊಣಕಾಲಿಗೆ ಬಂತು, ತೊಡೆಗೆ ಬಂತು, ಹೊಟ್ಟೆಯ ಹತ್ತಿರ ಬಂದು ಬಹಳ ದಿನ ಹಟ ಹಿಡಿಯಿತು. ಮಹಾನವಮಿಯ ಹೊತ್ತಿಗೆ ಎದೆ ಮುಟ್ಟಿತು. ನೋಡಿದವರು ಮಾವ ಮತ್ತು ನಾನು, ಇಬ್ಬರೇ.

"ಹಬ್ಬ ಮುಗೀಲಿ ಅವ್ವಾ, ಮಂದಿ ಮುಂದ ಎತ್ತತೀನಿ. ನನ್ನ ಹೆಸರು ಅಜ್ಜನ ಹೆಸರಿನ ಕೆಳಗ ಬರೀಬೇಕು," ಎಂದಳು. ನನಗೆ ಮಂದಿಯ ಬಾಯಿಯ ಹೆದರಿಕೆಯೂ ಆಯಿತು, ಸಂತೋಷಕ್ಕೆ ಕಣ್ಣಲ್ಲಿ ನೀರೂ ಬಂತು.

ಆಯುಧ ಪೂಜೆಯ ದಿನ ಊರ ಯುವಕ ಸಂಘದ ಹುಡುಗರು ಬೈಕು, ಟ್ರ್ಯಾಕ್ಟರು, ಕ್ರಿಕೆಟ್ ಬ್ಯಾಟು ಎಲ್ಲಕ್ಕೂ ವಿಭೂತಿ ಬಳಿದರು. ಉಳಿದದ್ದನ್ನು ಗುಂಡಿಗೂ ಬಳಿದು ಕುಂಕುಮ ಇಟ್ಟರು. ಮರುದಿನ ಬ್ಯಾಟನ್ನು ಒರೆಸಿಕೊಂಡು ಆಡಲು ಹೋದರು. ಗುಂಡನ್ನು ಒರೆಸುವ ಅಗತ್ಯ ಅವರಿಗೇನಿತ್ತು? ನನ್ನ ಮಗಳು ಒದ್ದೆ ಬಟ್ಟೆ ಹಿಡಿದು ಹೋಗುವಷ್ಟರಲ್ಲಿ ಒಬ್ಬ ಪುಣ್ಯಾತ್ಮ ಅದರ ಮುಂದೆ ಕಾಯಿ ಒಡೆದಿದ್ದ. ಅವನ ಕಳೆದುಹೋದ ಟಗರು ಅದೇ ಸಂಜೆ ಮನೆಗೆ ಬಂತು. ಟಗರಿಗೆ ಹಸಿವಾಗಿತ್ತೇನೋ, ಅದನ್ನು ಕೇಳಿದವರಿಲ್ಲ. ಮುಂದಿನ ಸೋಮವಾರಕ್ಕೆ ನಮ್ಮ ಗುಂಡು ಗುಂಡೇಶ್ವರನಾಗಿದ್ದ.

"ಮುಟ್ಟಬ್ಯಾಡವ್ವಾ, ದೇವರದು," ಎಂದು ನನ್ನ ಮಗಳಿಗೆ ಬುದ್ಧಿ ಹೇಳಿದವರು ಅದರ ಮೇಲೆ ಚಪ್ಪಲಿಗಾಲಿಟ್ಟು ಫೋಟೊ ತೆಗೆಸಿಕೊಂಡವರೇ. ಅವಳು ಆ ದಿನ ಉಣ್ಣಲಿಲ್ಲ.

ದೇವರು ನೆಲದ ಮೇಲಿರಬಾರದೆಂದು ಗರಡಿಯ ಗೋಡೆಗೆ ತಾಗಿಸಿ ಸಿಮೆಂಟಿನ ಕಟ್ಟೆ ಕಟ್ಟಿದರು. ಸ್ಥಾಪನೆಗೆ ಮುಹೂರ್ತವೂ ಕೂಡಿಬಂತು. ದೇವರನ್ನು ಕಟ್ಟೆಯ ಮೇಲೆ ಕೂರಿಸುವುದು ಹೇಗೆ ಎಂಬುದೊಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಜೆಸಿಬಿ ತರಿಸಿದರು, ಅದು ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಕಬಡ್ಡಿ ತಂಡದವರು ಮುಂದೆ ಬಂದರು. ಒಬ್ಬನ ಬೆನ್ನು ಹಿಡಿಯಿತು. ಇನ್ನೊಬ್ಬನಿಗೆ ಹಿಂದಿನ ದಿನ ಕೋಳಿ ತಿಂದದ್ದು ಆಗಲೇ ನೆನಪಾಗಿ, ಭಕ್ತಿಯಿಂದ ಹಿಂದೆ ಸರಿದ. ಎಲ್ಲರೂ ಕೂಡಿ ಕೈ ಹಾಕಿದರೆ ದುಂಡನೆಯ ಕಲ್ಲು ಎಲ್ಲರ ಕೈಯಿಂದಲೂ ಜಾರಿತು.

"ಮುಹೂರ್ತ ಮೀರ್ತೈತ್ರಿ," ಎಂದು ಪೂಜಾರಿ ಒದ್ದಾಡಿದ.

ನನ್ನ ಮಗಳು ಸೆರಗಿನಂತೆ ಇಳಿಬಿದ್ದಿದ್ದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಪೂಜಾರಿ ಅವಳನ್ನು ನೋಡಿದ, ಬೆವರುತ್ತಿದ್ದ ಗಂಡಸರನ್ನು ನೋಡಿದ. "ಜಳಕ ಮಾಡೀಯೇನವ್ವಾ?" ಎಂದ.

"ಮಾಡೀನ್ರಿ. ನೀವು ಸ್ವಲ್ಪ ಸರೀರಿ."

ಅಪ್ಪಿಕೊಂಡಳು. ಮಾವ ಕೋಲೂರಿ ಎದ್ದು ನಿಂತರು. ಕಲ್ಲು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಇಡೀ ಊರಿನ ಮುಂದೆ ಅದು ಅವಳ ಎದೆ ಮುಟ್ಟಿತು. ನಿಧಾನಕ್ಕೆ ಕಟ್ಟೆಯ ಮೇಲೆ ಇಟ್ಟು, ಕೈಗೆ ಹತ್ತಿದ ವಿಭೂತಿಯನ್ನು ಕೊಡವಿಕೊಂಡಳು.

ಜಾಗಟೆ ಬಾರಿಸಿದರು. "ದೇವರು ಎದ್ದ" ಎಂದು ಒಬ್ಬ ಕೂಗಿದ. "ಹೂವಿನಂಗ ಹಗುರಾಗ್ಯಾನ ನೋಡ್ರಿ, ಹೆಣ್ಣುಮಗಳ ಕೈಯಾಗ ಎದ್ದ ಅಂದ್ರ ಪವಾಡನ ಸೈ," ಎಂದ ಇನ್ನೊಬ್ಬ. ಕೈ ಮುಗಿದವರೆಲ್ಲ ಕಲ್ಲಿನ ಕಡೆ ತಿರುಗಿದ್ದರು. ಅವಳು ಎತ್ತಿದಳು ಎಂಬ ಮಾತು ಅಷ್ಟು ಮಂದಿಯಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ.

"ಎತ್ತಿದ್ದು ನನ್ನ ಮೊಮ್ಮಗಳು," ಎಂದರು ಮಾವ.

"ಹೌದೌದು. ಕೈ ಮುಗಿ ಅಜ್ಜಾ," ಎಂದರು ಮಂದಿ.

ಮಧ್ಯಾಹ್ನ ಪೇಂಟರು ಬಂದ. ಮಾವನವರ ಹೆಸರಿನ ಕೆಳಗಿನ ಖಾಲಿ ಜಾಗ ಸರಿಯಾಗಿ ದೇವರ ತಲೆಯ ಮೇಲೇ ಇತ್ತು. ಅಲ್ಲಿ "ಶ್ರೀ ಗುಂಡೇಶ್ವರ ಪ್ರಸನ್ನ" ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದ. ನಮ್ಮ ದೇಶದ ಕಲ್ಲು ಎತ್ತಿದವರ ಸಾಲಿಗೆ ಕಡೆಗೂ ಒಂದು ಹೆಸರು ಸೇರಿತು, ಕಲ್ಲಿನದೇ.

ಸಂಜೆ ಮಗಳು ಚಾಪೆಯ ಮೇಲೆ ಬೋರಲು ಮಲಗಿದ್ದಳು. ನಾನು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಮುಖ ಎತ್ತದೆಯೇ ಕೇಳಿದಳು:

"ಅವ್ವಾ, ಅವನಾಗೇ ಎದ್ದಿದ್ರ ನನ್ನ ಸೊಂಟ ಯಾಕ ಹಿಡದೈತಿ?"