ಸುಮ್ಮನೆ ಕೂರುವ ಒಂದು ದಿನ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇದೆ. ಅಲ್ಲಿಗೆ ಕಂದಿಕೆರೆಯ ರೈತ ಬರಲಿ, ಹುಳಿಯಾರಿನ ವ್ಯಾಪಾರಿ ಬರಲಿ, ಚೀಲ ಇಳಿಸಿ ಮುಗಿಯುವುದರೊಳಗೆ ಹಿಮಾಲಯದ ಕತೆ ಶುರುವಾಗುತ್ತದೆ. ಭಾವ ಫೋನು ತೆಗೆದು ಒಂದು ಫೋಟೊ ತೋರಿಸುತ್ತಾರೆ. ಬರೀ ಹಿಮ, ನೀಲಿ ಆಕಾಶ, ಕಲ್ಲು ಪೇರಿಸಿ ಕಟ್ಟಿದ ಒಂದು ಗುಡ್ಡೆ. ‘ಎಂಟೇ ದಿನ ಕಣ್ರೀ. ಹೋಗಿ ಮುಗಿಸ್ಕೊಂಡು ಬಂದ್ವಿ. ಬ್ಯಾರೆಯೋರು ಇದಕ್ಕೇ ಒಂಬತ್ತು ಹತ್ತು ದಿನ ತಗೋತಾರೆ’ ಅನ್ನುತ್ತಾರೆ. ಬಂದವರು ಅಬ್ಬಾ ಅಂತ ಬಾಯಿ ಬಿಡುತ್ತಾರೆ. ಆ ಫೋಟೊ ತೆಗೆದದ್ದು ನಾನು. ಭಾವ ಆ ಜಾಗವನ್ನು ಕಣ್ಣಿನಿಂದ ನೋಡಿಯೇ ಇಲ್ಲ.

ಅದನ್ನು ಕೇಳಿಸಿಕೊಂಡು ಕೂತಾಗಲೆಲ್ಲ ಕೈಯಲ್ಲಿರುವ ಟೀ ಕುಡಿಯಲು ಮನಸ್ಸಾಗುವುದಿಲ್ಲ. ಎದ್ದು ನಿಂತು ಇದು ಸುಳ್ಳು ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಹೇಳುವುದಿಲ್ಲ. ಯಾಕೆಂದರೆ ಈ ಕತೆಯಲ್ಲಿ ಭಾವನಿಗಿಂತ ಹೇಸಿಗೆಯ ಕೆಲಸ ಮಾಡಿದವನು ನಾನು. ಅದನ್ನು ಈಗಾದರೂ ಬರೆದಿಡುತ್ತೇನೆ.

ಹೋಗಬೇಕು ಅಂತ ಆಸೆಪಟ್ಟವಳು ಅಕ್ಕ. ಅವಳಿಗೆ ಆಗ ಐವತ್ಮೂರು. ಯಾರೋ ನಮ್ಮ ಕಡೆಯ ಹೆಂಗಸರು ಬೆಟ್ಟ ಹತ್ತಿ ಹಿಮದ ಮೇಲೆ ನಿಂತು ಕೈಬೀಸುವ ವಿಡಿಯೋವನ್ನು ಫೋನಿನಲ್ಲಿ ನೋಡಿದ್ದಳು. ಆವತ್ತೇ ನನಗೆ ಫೋನು ಮಾಡಿ, ನಾನೂ ಒಂದು ಸಲ ಅಲ್ಲಿ ಕಾಲಿಡಬೇಕು, ಜೊತೆಗೆ ಬರುತ್ತೀಯಾ ಅಂತ ಕೇಳಿದಳು. ತುರುವೇಕೆರೆ ಹತ್ತಿರದ ನನ್ನ ತೋಟದಲ್ಲಿ ಆಗ ಕಾಯಿ ಕೀಳಿಸುತ್ತಿದ್ದೆ. ಹೂಂ ಅಂದುಬಿಟ್ಟೆ. ಅಕ್ಕ ನನ್ನಿಂದ ಅದುವರೆಗೆ ಏನನ್ನೂ ಕೇಳಿದವಳಲ್ಲ.

ಅವಳ ತಯಾರಿ ನೋಡಬೇಕಿತ್ತು. ದಿನಾ ಬೆಳಿಗ್ಗೆ ಐದೂವರೆಗೆ ಕೆರೆ ಏರಿಯ ಮೇಲೆ ಎರಡು ಸುತ್ತು. ವಾರಕ್ಕೆರಡು ಸಲ ಊರಾಚೆಯ ಬೆಟ್ಟದ ಮೆಟ್ಟಿಲು. ಬೆನ್ನಿಗೆ ಹಾಕುವ ಚೀಲದಲ್ಲಿ ಭಾರ ಇರಬೇಕು ಅಂತ ವಿಡಿಯೋದವರು ಹೇಳಿದ್ದರಂತೆ. ಇವಳು ಅದಕ್ಕೆ ಸುಲಿದ ತೆಂಗಿನಕಾಯಿ ತುಂಬಿಕೊಂಡಳು. ಮೊದಲು ನಾಲ್ಕು, ಆಮೇಲೆ ಆರು, ಐದನೇ ತಿಂಗಳಿಗೆ ಹತ್ತು. ದೇವಸ್ಥಾನಕ್ಕೆ ಇಷ್ಟೊಂದು ಕಾಯಿ ಯಾಕಮ್ಮ ಅಂತ ಬೆಟ್ಟದ ಅರ್ಚಕರು ಕೇಳಿದ್ದರು. ಇವು ಒಡೆಯೋಕಲ್ಲ ಸ್ವಾಮಿ, ಹೊರೋಕೆ ಅಂದಳಂತೆ. ಅದನ್ನು ಹೇಳಿಕೊಂಡು ಎಷ್ಟು ದಿನ ನಕ್ಕಳೋ.

ಇಬ್ಬರೇ ಹೋಗುವುದು ಅಂತಿತ್ತು. ಹೆಂಡತಿಯನ್ನು ಅಷ್ಟು ದೂರ ಕಳಿಸಿ ತಾನು ಮನೆಯಲ್ಲಿ ಕೂತರೆ ನಾಲ್ಕು ಜನ ಏನಂದಾರು ಅಂತ ಭಾವನೂ ಹೊರಟರು. ಹೊರಟ ಮೇಲೆ ಯಜಮಾನಿಕೆ ಅವರದೇ. ತಯಾರಿ ಮಾತ್ರ ಬೇಡವೇ ಬೇಡ. ದಿನಾ ಗೋಡೌನಿನಲ್ಲಿ ಓಡಾಡುತ್ತೇನಲ್ಲ, ಅದಕ್ಕಿಂತ ಇನ್ನೇನು ಬೇಕು ಅಂತ ಹೊಟ್ಟೆ ಸವರಿಕೊಂಡರು.

ಹೊರಡಲು ಒಂದು ತಿಂಗಳಿದ್ದಾಗ, ಒಂದು ಸೋಮವಾರ, ದಿನ ಗೊತ್ತುಮಾಡಲು ಅವರ ಮನೆಯ ಹಜಾರದಲ್ಲಿ ಸೇರಿದೆವು. ಪೂಜೆ ಮುಗಿಸಿದ ಭಾವ ಹಣೆಯ ವಿಭೂತಿ ಹಾಗೇ ಇಟ್ಟುಕೊಂಡು ಚಕ್ಕುಲಿ ಮುರಿಯುತ್ತಾ ಕೂತಿದ್ದರು. ಹಿಮಾಚಲದ ಗೈಡು ಕಳಿಸಿದ್ದ ಪಟ್ಟಿಯನ್ನು ಅಕ್ಕ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿಕೊಂಡು ಬಂದಿದ್ದಳು. ಮನೆ ಬಿಟ್ಟು ಮನೆ ಸೇರುವ ತನಕ ಒಂಬತ್ತು ದಿನ. ಮೊದಲ ಎರಡು ದಿನ ವಿಮಾನ, ಬಸ್ಸು. ಮೂರನೇ ದಿನ ಕೆಳಗಿನ ಕ್ಯಾಂಪು, ನಾಲ್ಕನೇ ದಿನ ಮೇಲಿನ ಕ್ಯಾಂಪು. ಐದನೇ ದಿನ ಅಲ್ಲೇ ವಿಶ್ರಾಂತಿ. ಆರನೇ ದಿನ ಹದಿಮೂರು ಸಾವಿರ ಅಡಿಯ ಬೆಟ್ಟದ ತುದಿ. ಉಳಿದದ್ದು ಇಳಿಯುವುದು, ವಾಪಸ್ಸು ಬರುವುದು.

ಭಾವನ ತಾಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು. ‘ಹೋದ ಒಂಬತ್ನೇ ದಿನ ಹೊಸ್ಲು ತುಳೀಬ್ಯಾಡ್ರಪ್ಪ’ ಅಂದರು. ನಮ್ಮ ಕಡೆ ಈ ಲೆಕ್ಕ ಎಲ್ಲರಿಗೂ ಗೊತ್ತು. ಮನೆ ಬಿಟ್ಟು ಒಂಬತ್ತನೇ ದಿನಕ್ಕೆ ವಾಪಸ್ಸು ಬರಬಾರದು. ಎಂಟಕ್ಕೆ ಬಾ, ಇಲ್ಲವೇ ಹತ್ತಕ್ಕೆ ಬಾ. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಹತ್ತಕ್ಕೆ ಬನ್ನಿ ಅನ್ನುವುದೇ ಅವರ ಮನಸ್ಸಿನಲ್ಲಿತ್ತು. ನಿಧಾನಕ್ಕೆ ಹೋಗಿ ಬನ್ನಿ ಅಂತಲೂ ಹೇಳಿದರು.

ಭಾವ ಕ್ಯಾಲೆಂಡರು ನೋಡಿದರು. ಹತ್ತನೇ ದಿನ ಕೊಬ್ಬರಿ ಹರಾಜಿನ ಮಾರ್ಕೆಟ್ಟು ಬೀಳುತ್ತಿತ್ತು. ಅದಾಗಲೇ ಎರಡು ಟೆಂಡರು ತಪ್ಪುತ್ತವೆ, ಮೂರನೆಯದನ್ನು ತಪ್ಪಿಸಲಾರೆ ಅಂದರು. ಹಾಗಾದರೆ ಎಂಟೇ. ಯಾವ ದಿನ ತೆಗೆಯುವುದು? ಚಕ್ಕುಲಿಯ ಎಣ್ಣೆ ಮೆತ್ತಿದ ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಇಳಿಯುತ್ತಾ ಐದನೇ ಸಾಲಿನಲ್ಲಿ ನಿಂತಿತು. ‘ಇದೇನಿದು? ಸುಮ್ನೆ ಕೂರೋಕೆ ಒಂದು ದಿನವಾ? ಅಷ್ಟು ದೂರ ಹೋಗಿ ಟೆಂಟಲ್ಲಿ ಕೂತ್ಕಂಡು ನೊಣ ಹೊಡಿಯೋದಾ?’ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದೇಬಿಟ್ಟರು.

ಈ ಮನುಷ್ಯನ ದಿನದ ಕೆಲಸ ಏನು ಗೊತ್ತೇ? ಕಾಯಿಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡದೆ ಒಂಬತ್ತಕ್ಕೇ ಸುಲಿದು ತಂದ ರೈತನಿಗೆ ಮಂಗಳಾರತಿ ಎತ್ತುವುದು. ಆತುರಗಾರ, ಹಸಿ ಕೊಬ್ಬರಿ ತಂದು ನನ್ನ ಮರ್ಯಾದೆ ಕಳೀತೀಯಾ ಅಂತ ಬೈಯುವುದು. ಕಾಯಿ ಸುಮ್ಮನೆ ಕೂರಬೇಕು ಅನ್ನುವುದು ಗೊತ್ತಿದ್ದವರಿಗೆ ಮೈ ಸುಮ್ಮನೆ ಕೂರಬೇಕು ಅನ್ನುವುದು ಗೊತ್ತಾಗಲಿಲ್ಲ.

ಅಕ್ಕ ನೀರು ತರುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಆ ಒಂದು ದಿನದ ಬಗ್ಗೆ ಸಾಕಷ್ಟು ತಿಳಿದುಕೊಂಡಿದ್ದಳು. ಮೇಲೆ ಗಾಳಿ ತೆಳ್ಳಗಿರುತ್ತದೆ, ಮೈ ಹೊಂದಿಕೊಳ್ಳಲು ಒಂದು ದಿನ ಬೇಕೇ ಬೇಕು, ಇಲ್ಲದಿದ್ದರೆ ಎಂಥ ಗಟ್ಟಿಗರೂ ಬಿದ್ದುಹೋಗುತ್ತಾರೆ ಅಂದಳು. ದಾರಿಯನ್ನೂ ಅವಳೇ ಹುಡುಕಿಟ್ಟಿದ್ದಳು. ಹೊರಡುವ ಹಿಂದಿನ ದಿನವೇ ಅವರಿಬ್ಬರೂ ನನ್ನ ಮನೆಗೆ ಬಂದು ಮಲಗುವುದು. ಅವರ ಹೊಸ್ತಿಲಿಗೆ ಅದೇ ಮೊದಲನೇ ದಿನ. ಆಗ ಒಂಬತ್ತು ತಾನಾಗಿ ಹತ್ತಾಗುತ್ತದೆ, ಮಾರ್ಕೆಟ್ಟೂ ತಪ್ಪುವುದಿಲ್ಲ. ಮದುವೆ ಮಾತುಕತೆಗೆ, ಕಾಶಿಗೆ ಹೋಗುವವರು ಹೀಗೆ ಹಿಂದಿನ ದಿನವೇ ಬೇರೆಯವರ ಮನೆಯಲ್ಲಿ ಗಂಟು ಇಟ್ಟು ಬರುವುದು ನಮ್ಮಲ್ಲಿ ಮಾಮೂಲು. ನನ್ನ ಮನೆಯಲ್ಲಿ ಈ ಲೆಕ್ಕ ಕೇಳುವವರು ಯಾರೂ ಇಲ್ಲ.

‘ನಾನೇಳಿದ್ರೆ ಹೆದ್ರುಕೊಂಡವ್ಳೆ ಅಂತಾರೆ. ನೀನೇಳು. ಹಿಂದಿನ ದಿನವೇ ನಮ್ಮನೆಗೆ ಬಂದ್ಬುಡಿ ಭಾವ ಅಂತ ಕರಿ, ಅಷ್ಟೇ. ಆ ಒಂದು ದಿನ ನಂಗೆ ಉಳಿಸ್ಕೊಡೋ’ ಅಂದಳು.

ಒಂದೇ ಒಂದು ಮಾತು. ಬಂದ್ಬುಡಿ ಭಾವ ಅನ್ನುವುದು. ಹಜಾರಕ್ಕೆ ವಾಪಸ್ಸು ಬಂದೆ, ಬಾಯಿ ತೆಗೆದೆ. ಅಷ್ಟರಲ್ಲಿ ಭಾವ ನನ್ನ ಮುಖ ನೋಡಿ ನಕ್ಕು, ಏನಪ್ಪಾ ಭಾವಮೈದ, ನಿನಗೂ ರೆಸ್ಟು ಬೇಕಾ, ಮೊಣಕಾಲು ಸವೆದುಹೋಯ್ತಾ ಅಂದರು. ನನಗೆ ನಲವತ್ತೆಂಟು. ಮೊಣಕಾಲಿನ ಮಾತು ಎಲ್ಲಿ ಚುಚ್ಚಿತೋ ಕಾಣೆ. ‘ಎಂಟೇ ಸಾಕು ಬುಡಿ ಭಾವ’ ಅಂದೆ. ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದಾಯಿತು, ಅಷ್ಟೇ. ಥೂ, ನನ್ನ ಜನ್ಮಕ್ಕಿಷ್ಟು.

ಹೋದೆವು. ಬೆಟ್ಟದ ಬುಡದ ಊರಿನಲ್ಲಿ ಗೈಡು ಪಟ್ಟಿ ನೋಡಿ ತಲೆ ಅಲ್ಲಾಡಿಸಿದ. ಅವನು ಆ ಬೆಟ್ಟದವನೇ, ಕಡಿಮೆ ಮಾತಿನವನು. ಮೇಲಿನ ಕ್ಯಾಂಪಿನಲ್ಲಿ ಒಂದು ದಿನ ಇರಲೇಬೇಕು ಅಂದ. ಉತ್ತರದ ಕೊಬ್ಬರಿ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಭಾವನಿಗೆ ಹಿಂದಿ ಬರುತ್ತದೆ. ಮಂಡಿಯ ಧಾಟಿಯಲ್ಲೇ ಅವನ ಜೊತೆ ಚೌಕಾಸಿ ಮಾಡಿದರು. ಕೊನೆಗೆ ಅವನು ನಿಮ್ಮಿಷ್ಟ ಅಂತ ಕೈಚೆಲ್ಲಿದ. ಬೆಟ್ಟದ ಜೊತೆಗೂ ಚೌಕಾಸಿ ನಡೆಯುತ್ತದೆ ಅಂತ ಭಾವ ತಿಳಿದುಕೊಂಡಿದ್ದರು.

ಅಕ್ಕ ನಿಧಾನಕ್ಕೆ ನಡೆದಳು. ಒಂದೇ ಹದದಲ್ಲಿ, ಮಾತಾಡದೆ, ಆಗಾಗ ನೀರು ಗುಟುಕರಿಸುತ್ತಾ. ಗೈಡು ಅವಳನ್ನು ತೋರಿಸಿ, ಹೀಗೆ ನಡೆಯಬೇಕು ಅಂತ ನಮಗೆ ಹೇಳಿದ. ಭಾವ ಅವಳನ್ನು ಹಿಂದೆ ಹಾಕಿ ಮುಂದೆ ಓಡುವುದು, ಕಲ್ಲಿನ ಮೇಲೆ ಕೂತು ಏದುಸಿರು ಬಿಡುವುದು, ಬಂದೆಯಾ ಆಮೆ ಅಂತ ಅವಳನ್ನು ಛೇಡಿಸುವುದು. ಎರಡು ದಿನವೂ ಇದೇ ಆಟ. ಅವಳು ನಕ್ಕು ಅದೇ ಹದದಲ್ಲಿ ಮುಂದೆ ನಡೆಯುತ್ತಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ಮೇಲಿನ ಕ್ಯಾಂಪು ಮುಟ್ಟಿದೆವು. ಅರ್ಧ ಗಂಟೆಯಲ್ಲಿ ಭಾವ ತಲೆ ಹಿಡಿದುಕೊಂಡರು. ಆಮೇಲೆ ವಾಂತಿ. ಟೆಂಟಿನ ಬಾಗಿಲಲ್ಲಿ, ಹಾಸಿಗೆಯ ಮೇಲೆ, ಅಕ್ಕನ ಸ್ವೆಟರಿನ ಮೇಲೆ. ದಾರಿಯುದ್ದಕ್ಕೂ ಮೆಲ್ಲುತ್ತಿದ್ದ ಕೋಡುಬಳೆ, ನಿಪ್ಪಟ್ಟೆಲ್ಲ ಹೊರಗೆ ಬಂತು. ಆ ಹುಳಿ ನಾತ ಈಗಲೂ ನನ್ನ ಮೂಗಿನಲ್ಲಿದೆ. ಅಕ್ಕ ಹಿಮದ ನೀರಿನಲ್ಲಿ ಕೈ ಮರಗಟ್ಟುವ ತನಕ ಅದನ್ನೆಲ್ಲ ತೊಳೆದಳು. ಅವಳಿಗೆ ತಲೆನೋವು ಕೂಡ ಬಂದಿರಲಿಲ್ಲ.

ಗೈಡು ಬಂದು ಭಾವನ ನಾಡಿ ನೋಡಿದ, ಕಣ್ಣು ನೋಡಿದ. ಈಗಲೇ ಕೆಳಗಿನ ಕ್ಯಾಂಪಿಗೆ ಇಳಿಸಬೇಕು, ಇಳಿದರೆ ಸರಿಹೋಗುತ್ತದೆ, ಅಡುಗೆಯವನು ಕೈಹಿಡಿದು ಕರೆದುಕೊಂಡು ಹೋಗುತ್ತಾನೆ, ನಿಮ್ಮವರೂ ಒಬ್ಬರು ಜೊತೆಗಿರಲಿ ಅಂದ. ನಿಮ್ಮ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇದ್ದಿದ್ದರೆ ಎಲ್ಲರೂ ಇಳಿದು, ಸುಧಾರಿಸಿಕೊಂಡು, ಮತ್ತೆ ಹತ್ತಬಹುದಿತ್ತು ಅಂತಲೂ ಸೇರಿಸಿದ. ಆ ದಿನ ನಮ್ಮ ಕೈಯಲ್ಲಿರಲಿಲ್ಲ. ನಾಳೆ ತುದಿಗೆ ಹೋಗುವುದು ಒಬ್ಬರು ಮಾತ್ರ.

ಒಬ್ಬರು ಅಂದರೆ ಯಾರು? ಅದು ಅಕ್ಕನ ಪ್ರಯಾಣ. ಹತ್ತು ಕಾಯಿ ಹೊತ್ತವಳು ಅವಳು. ಭಾವನನ್ನು ಹಿಡಿದುಕೊಂಡು ಇಳಿಯಲು ಗಂಡಸಾದ ನಾನೇ ವಾಸಿ ಅನ್ನುವುದು ಯಾರಿಗಾದರೂ ತಿಳಿಯುವ ಮಾತು. ನಾನೂ ಅದನ್ನು ಯೋಚಿಸಿದೆ. ಯೋಚಿಸಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಭಾವ ಕಂಬಳಿಯೊಳಗಿನಿಂದಲೇ ನರಳುತ್ತಾ, ‘ನೀನು ಬಾರೇ. ಅವ್ನು ಗಂಡಸು, ಹೋಗಿ ಬರ್ಲಿ ಬುಡು’ ಅಂದರು.

ಅಕ್ಕ ನನ್ನ ಕಡೆ ನೋಡಿದಳು. ಟೆಂಟಿನ ಬಾಗಿಲಿನಿಂದ ಮೇಲಿನ ಬಿಳಿ ಇಳಿಜಾರು ಕಾಣುತ್ತಿತ್ತು. ಇಷ್ಟು ದೂರ ಬಂದು ಮುಟ್ಟದೆ ವಾಪಸ್ಸು ಹೋದರೆ ಊರಿನಲ್ಲಿ ಏನು ಹೇಳುವುದು, ಮೊಣಕಾಲಿನ ಮಾತು ನಿಜವೇ ಆಯಿತಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ. ‘ಹುಷಾರಾಗಿ ಇಳೀರಿ ಅಕ್ಕ’ ಅಂದೆ. ಅವಳು ಹೂಂ ಅಂದಳು. ಗಂಡನ ಚೀಲವನ್ನು ತನ್ನ ಚೀಲದ ಮೇಲೆ ಕಟ್ಟಿಕೊಂಡು ಎದ್ದಳು. ಬೆಳಕಿರುವಾಗಲೇ ಮೂವರೂ ಇಳಿದುಹೋದರು.

ಮರುದಿನ ಮುಂಜಾನೆ ಗೈಡಿನ ಜೊತೆ ಹತ್ತಿದೆ. ದಾರಿಯ ಕಷ್ಟ ಹೇಳಿಕೊಂಡು ಕೂರುವುದಿಲ್ಲ. ತುದಿಯಲ್ಲಿ ಹೊಸ ಹಿಮ ಬಿದ್ದಿತ್ತು. ಮೇಲೆ ಒಂದು ಗೆರೆ ಮೋಡವಿಲ್ಲ. ಸುತ್ತಲೂ ಎಲ್ಲಿ ನೋಡಿದರೂ ಬೆಟ್ಟ, ಅದರ ಹಿಂದೆ ಬೆಟ್ಟ. ಗೈಡು ಬೆನ್ನು ತಟ್ಟಿದ. ಫೋಟೊ ತೆಗೆದೆ. ಆ ಜಾಗದಲ್ಲಿ ನಿಂತು ಮನುಷ್ಯನಿಗೆ ಏನೇನೋ ಅನ್ನಿಸಬೇಕಂತೆ. ನನಗೆ ಅನ್ನಿಸಿದ್ದು ಕೆಳಗೆ ಹೋಗಿ ಅವಳಿಗೆ ಏನು ಹೇಳಲಿ ಅಂತ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಕ್ಯಾಂಪಿಗೆ ಇಳಿದೆ. ಎರಡು ಸಾವಿರ ಅಡಿ ಇಳಿದದ್ದೇ ಭಾವ ಮನುಷ್ಯರಾಗಿದ್ದರು. ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಅನ್ನ ಸಾರು ಸುರಿದುಕೊಳ್ಳುತ್ತಿದ್ದರು. ಮುಗಿಸಿದೆಯೇನಪ್ಪಾ, ಭಲೇ, ಎಂಟು ದಿನಕ್ಕೆ ಸರಿಹೋಯ್ತಲ್ಲ ಅಂದರು. ಫೋಟೊ ಕಳಿಸು ಅಂದರು. ಒಂದು ತೇಗು ಬಂತು. ಆ ಗಳಿಗೆಯಲ್ಲಿ ಅವರ ಮುಖ ನೋಡಲು ಎಷ್ಟು ಅಸಹ್ಯವಾಯಿತೆಂದರೆ, ತಟ್ಟೆ ಕಿತ್ತುಕೊಂಡು ಹೊಳೆಗೆ ಎಸೆಯಬೇಕು ಅನ್ನಿಸಿತು. ಎಸೆಯುವ ಯೋಗ್ಯತೆ ನನಗೆಲ್ಲಿತ್ತು?

ಅಕ್ಕ ಸ್ವಲ್ಪ ದೂರದಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದಳು. ತೊಳೆದ ಸ್ವೆಟರು ಪಕ್ಕದಲ್ಲಿ ಒಣಗುತ್ತಿತ್ತು. ಮಡಿಲಲ್ಲಿ ಅಡುಗೆಯವನ ದುರ್ಬೀನು. ನನಗೊಂದು ಲೋಟ ಟೀ ಕೊಟ್ಟಳು.

‘ಮೇಲೆ ಹೆಂಗಿತ್ಲಾ?’

‘ಏನೂ ಕಾಣ್ಲಿಲ್ಲ ಅಕ್ಕ. ಬರೀ ಮೋಡ. ನೀನು ಬಂದಿದ್ರೂ ಅಷ್ಟೇಯ’ ಅಂದೆ. ಅವಳಿಗೆ ಸಮಾಧಾನವಾಗಲಿ ಅಂತ ಅಂದೆನೋ, ನನಗೆ ಆಗಲಿ ಅಂತಲೋ.

ಅವಳು ದುರ್ಬೀನನ್ನು ಅದರ ಚೀಲದೊಳಗೆ ಇಟ್ಟು ಜಿಪ್ಪು ಎಳೆದಳು.

‘ಸುಳ್ಳು ಯಾಕ್ಲಾ ಹೇಳ್ತೀಯ? ಬೆಳಕು ಹರಿದಾಗಿಂದ ಇಲ್ಲೇ ಕೂತು ನೋಡ್ತಾ ಇವ್ನಿ. ಒಂದು ಮೋಡಾನೂ ಇರ್ಲಿಲ್ಲ. ಮುಂದೆ ಗೈಡು, ಹಿಂದೆ ನೀನು. ಹಿಮದ ಮೇಲೆ ಎರಡು ಸಲ ಕೂತ್ಕಂಡೆ ನೀನು. ನಾನಾಗಿದ್ರೆ ಕೂತ್ಕತಿರ್ಲಿಲ್ಲ ಕಣ್ಲಾ.’

ಅಷ್ಟು ಹೇಳಿ, ಇಳಿಯಲು ಹೊತ್ತಾಯಿತು ಅಂತ ಎದ್ದು, ಭಾವನ ಬೂಟಿನ ಲೇಸು ಕಟ್ಟಲು ಹೋದಳು.