ಎರಡು ಸರ್ಕಾರಗಳ ನಡುವಿನ ನೀರು

ನನ್ನ ಗಂಡನ ಅಕ್ಕ ಲೈಟ್‌ಹೌಸಿನ ಕಾವಲುಗಾರ್ತಿ. ದೀಪ ಕೇಂದ್ರ ಸರ್ಕಾರದ್ದು, ಅಲ್ಲಿಗೆ ಹೋಗುವ ರಸ್ತೆ ರಾಜ್ಯದ್ದು, ಕಾಂಪೌಂಡಿನ ಗೇಟು ಯಾರದ್ದೆಂದು ಇನ್ನೂ ತೀರ್ಮಾನವಾಗಿಲ್ಲ. ಅದು ಮುರಿದಾಗ ಅಕ್ಕನೇ ಹಗ್ಗ ಬಿಗಿದಳು. "ಇಬ್ಬರು ಯಜಮಾನರಿರೋ ಮನೆಗೆ ಸೊಸೆಯಾಗಿದ್ದೀನಿ ಕಣೆ," ಎಂದು ನಗುತ್ತಿದ್ದಳು. ನಿಜವಾಗಿ ಅವಳು ಮದುವೆಯಾಗಲೇ ಇಲ್ಲ. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ ನನ್ನ ಕೈಗೆ ಕೊಟ್ಟಳು.

ಸಮುದ್ರಕ್ಕೂ ಅದೇ ಪಾಲು. ದಡದಿಂದ ಗಡಿಯ ಗುರುತಿಗೆ ಸರಪಳಿ ಕಟ್ಟಿ ತೇಲಿಬಿಟ್ಟ ಕೆಂಪು ಬೋಯಾದವರೆಗಿನ ನೀರು ರಾಜ್ಯದ್ದು, ಆಚೆಯದು ಕೇಂದ್ರದ್ದು. ಸಂವಿಧಾನ ಇಬ್ಬರಿಗೂ ಅಧಿಕಾರ ಹಂಚಿದೆ. ಒಬ್ಬರು ಸಹಾಯ ಕೇಳಿಕೊಳ್ಳದೆ ಇನ್ನೊಬ್ಬರು ಅವರ ನೀರಿಗೆ ಕೈಹಾಕುವಂತಿಲ್ಲ. ಮೀನಿನ ಜಗಳ ದೊಡ್ಡ ಕೋರ್ಟಿಗೆ ಹೋಗಿಬಂದ ಮೇಲಂತೂ ಗೆರೆ ದಾಟಲು ಇಬ್ಬರಿಗೂ ಹೆದರಿಕೆ. ಒಬ್ಬರೇ ಎಲ್ಲ ನುಂಗದಿರಲಿ ಅಂತ ಬುದ್ಧಿವಂತರು ಮಾಡಿದ ಏರ್ಪಾಡು. ಬೇಡವೆನ್ನಲು ನಾನ್ಯಾರು?

ಆ ದಿನ ಹಾಡಹಗಲೇ ಮಂಜು ಕವಿಯಿತು. ಬೆಳಿಗ್ಗೆ ಬಲೆ ಹಾಕಲು ಹೋದ ನನ್ನ ಗಂಡ ಮಧ್ಯಾಹ್ನವಾದರೂ ಬರಲಿಲ್ಲ. ನಾನು ದೀಪದ ಕೋಣೆಗೆ ಓಡಿದೆ. ಅಕ್ಕ ಕಿಟಕಿ ತೆರೆದು ನಿಂತಿದ್ದಳು. ನೀರಿನಿಂದ "ಅಕ್ಕಾ..." ಎಂಬ ಕೂಗು ಬಂತು. ಅವನದೇ ದನಿ.

ಅಕ್ಕ ವೈರ್‌ಲೆಸ್ಸಿನಲ್ಲಿ ಎರಡೂ ಕಡೆಗೆ ಸುದ್ದಿ ಮುಟ್ಟಿಸಿದಳು. ಎರಡೂ ಸರ್ಕಾರಗಳ ಕಾವಲು ದೋಣಿಗಳು ಬಂದು ಬೋಯಾದಿಂದ ದೂರದಲ್ಲೇ ನಿಂತವು, ಈಚೆಗೊಂದು, ಆಚೆಗೊಂದು.

"ಕೂಗೇನೋ ಕೇಳ್ತಿದೆ ಮೇಡಂ, ಆದ್ರೆ ಗೆರೆಯ ಆಚೆಯಿಂದ," ಎಂದ ರಾಜ್ಯದ ದೋಣಿಯವನು.

"ನಮಗೂ ಕೇಳ್ತಿದೆ, ದಡದ ಕಡೆಯಿಂದ. ಅದು ರಾಜ್ಯದ ನೀರು," ಎಂದ ಕೇಂದ್ರದವನು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದು ದೋಣಿ ಚೂರು ಮುಂದೆ ಬಂದರೆ ಸಾಕು, ಕೂಗು ಇನ್ನೊಬ್ಬರ ಕಡೆಗೆ ಸರಿಯುತ್ತಿತ್ತು. ಕಿಟಕಿಯಲ್ಲಿ ನಿಂತು ನಾನೇ ಕೇಳಿದೆ. "ಇವರ ಗೆರೆಗಿಷ್ಟು ಬೆಂಕಿ ಹಾಕ," ಎಂದು ಬೈದೆ.

ಅಕ್ಕ ಬೈಯಲಿಲ್ಲ. ಮೈಕು ಎತ್ತಿಕೊಂಡು, "ಕೇಂದ್ರದವರು ನಿಮ್ಮ ಸಹಾಯ ಕೇಳ್ಕೊಂಡಿದ್ದಾರೆ, ದಾಟಿ," ಎಂದು ರಾಜ್ಯದವನಿಗೆ ಹೇಳಿದಳು. ಚಾನೆಲ್ ಬದಲಿಸಿ ಕೇಂದ್ರದವನಿಗೂ ಅದನ್ನೇ ತಿರುಗಿಸಿ ಹೇಳಿದಳು. ಎರಡೂ ಹಸಿ ಸುಳ್ಳು, ಅವಳ ನೌಕರಿಯನ್ನೇ ಕಳೆಯುವಂಥವು.

ದೋಣಿಗಳು ಬೋಯಾದ ಬಳಿ ಕೂಡಿದವು. ನನ್ನ ಗಂಡ ಅದರ ಸರಪಳಿ ಹಿಡಿದುಕೊಂಡಿದ್ದ. ಅವನ ಬೆರಳು ಬಿಡಿಸಲು ಎರಡೂ ದೋಣಿಯವರು ಬೇಕಾದರು. ದೀಪದ ಕೆಳಗಿನ ಕೋಣೆಗೆ ತಂದು ಮಲಗಿಸಿದಾಗ ಡಾಕ್ಟರು ಮುಟ್ಟಿ ನೋಡಿ, "ಬೆಳಿಗ್ಗೆಯೇ ಜೀವ ಹೋಗಿಬಿಟ್ಟಿದೆಯಮ್ಮ," ಎಂದರು.

"ಹಾಗಾದ್ರೆ ಮಧ್ಯಾಹ್ನ ಕೂಗಿದ್ದು ಯಾರು?" ಎಂದೆ. ಅವರು ಚೀಲ ಮುಚ್ಚಿಕೊಂಡು ಹೊರಟರು. ದೋಣಿಗಳೂ ತಮ್ಮ ತಮ್ಮ ನೀರಿಗೆ ಮರಳಿದವು. ಮಂಜು ಮಾತ್ರ ಹೋಗಲಿಲ್ಲ.

ಆಗ ನೀರಿನ ಕಡೆಯಿಂದ ಮತ್ತೆ ಕೇಳಿಸಿತು. "ಅಕ್ಕಾ..."

ಅಕ್ಕ ತಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಇವನು ಇಲ್ಲೇ ಇದ್ದಾನಲ್ಲ. ಅಲ್ಲಿರೋದು ಬೇರೆ ಯಾರೋ ಇರ್ಬೇಕು ಕಣೆ. ಯಾರದ್ದೋ ತಮ್ಮ," ಎಂದಳು.

ಆ ದನಿಯ ಗುರುತು ನನಗೆ ತಪ್ಪುವುದುಂಟೆ? ಅದು ನನ್ನ ಗಂಡನದೇ. ಅವನ ತಣ್ಣನೆಯ ಕೈ ನನ್ನ ಕೈಯಲ್ಲಿತ್ತು.

"ಎರಡೂ ದೋಣಿಯವರನ್ನ ಕರಿ ಅಕ್ಕ," ಎಂದೆ. "ಈ ಸಲ ತಡ ಮಾಡ್ಬೇಡ."