ಬಿಸಿಲಿನಲ್ಲಿ ಪಾಸಾದ ರೇನ್‌ಕೋಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದೇ. ಏಪ್ರಿಲ್ ತಿಂಗಳ ರಣಬಿಸಿಲಿನಲ್ಲಿ, ಖಾನಾಪುರದ ಕಡೆಯ ಪಾರಿಶ್ವಾಡ ಎಂಬ ಊರಿನ ಒಂದು ಮನೆಯ ಕಟ್ಟೆಯ ಮೇಲೆ ಹತ್ತು-ಹನ್ನೆರಡು ಹೆಣ್ಣುಮಕ್ಕಳಿಗೆ ರೇನ್‌ಕೋಟು ತೊಡಿಸಿ, ‘ಹೆಂಗ ಅನಸ್ತೈತ್ರಿ?’ ಎಂದು ಕೇಳಿದ ಮಹಾಬುದ್ಧಿವಂತ ನಾನೇ.

ಅವರೆಲ್ಲ ಬೆವರು ಒರೆಸಿಕೊಳ್ಳುತ್ತ ‘ಭಾಳ ಚಲೋ ಐತ್ರಿ’ ಅಂದರು. ನಾನು ನಂಬಿದೆ.

(ನಗಬೇಡಿ. ನನ್ನ ಹತ್ತಿರ ಸರ್ಟಿಫಿಕೇಟ್ ಇದೆ. ಆರು ವಾರದ ಆನ್‌ಲೈನ್ ಸೈಕಾಲಜಿ ಕೋರ್ಸು. ಕೊನೆಯ ಎರಡು ವಾರದ ವಿಡಿಯೊ ಓಡಿಸಿ ಓಡಿಸಿ ನೋಡಿದ್ದೆ, ಅಷ್ಟೇ.)

ಈ ಉಪದ್ವ್ಯಾಪದ ಮೂಲಪುರುಷ ನನ್ನ ಗೆಳೆಯ ವರ್ಧಮಾನ. ಬೆಳಗಾವಿಯಲ್ಲಿ ಅವರದು ಮೂರು ತಲೆಮಾರಿನ ಬಟ್ಟೆ ಅಂಗಡಿ. ಅದನ್ನು ಅಪ್ಪನಿಗೇ ಬಿಟ್ಟು ಇವನು ‘ಸೋಶಿಯಲ್ ಎಂಟರ್‌ಪ್ರೈಸ್’ ಶುರು ಮಾಡಿದ. ಅಂದರೆ ವ್ಯಾಪಾರವೂ ನಡೆಯಬೇಕು, ನಾಲ್ಕು ಜನಕ್ಕೆ ಒಳ್ಳೆಯದೂ ಆಗಬೇಕು. ಅವನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಅಂದ್ರ ಇಷ್ಟ ದಿನ ನಾವ್ ಅಂಗಡ್ಯಾಗ ಕುಂತು ಮಂದಿಗೆ ಕೆಟ್ಟದ್ದ ಮಾಡೀವೇನ?’

ಐಡಿಯಾ ಚೆನ್ನಾಗಿಯೇ ಇತ್ತು. ಖಾನಾಪುರದ ಕಡೆ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಇವತ್ತಿಗೂ ಗೊಬ್ಬರ ಚೀಲದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ, ಕೊಪ್ಪೆ ಮಾಡಿ, ತಲೆಗೆ ಹಾಕಿಕೊಂಡು ಮಳೆಗೆ ಇಳಿಯುತ್ತಾರೆ. ಅವರಿಗೊಂದು ಮರ್ಯಾದೆಯ ರೇನ್‌ಕೋಟು ಕೊಡೋಣ. ಹೊಲಿಯುವವರು ಪೀರನವಾಡಿಯ ಶಾಹೀನ್ ಆಪಾ ಮತ್ತು ಅವರ ಜೊತೆಯ ಐದು ಹೆಂಗಸರು. ಇವರಿಗೆ ಕೆಲಸ, ಅವರಿಗೆ ಕೋಟು.

ಆದರೆ ಆಪಾಗೆ ಏಪ್ರಿಲ್, ಮೇ ಅಂದರೆ ಶಾಲೆಯ ಯೂನಿಫಾರ್ಮ್ ಹೊಲಿಯುವ ಸೀಸನ್. ಎರಡೂ ಒಟ್ಟಿಗೆ ಆಗದು. ಆ ಆರ್ಡರ್ ಒಂದು ವರ್ಷ ಕೈಬಿಟ್ಟರೆ ಮುಂದಿನ ವರ್ಷ ಬೇರೆಯವರ ಪಾಲು. ‘ಪಕ್ಕಾ ಹೋಗ್ತಾವೇನ್ರಿ ಈ ಕೋಟು? ಪಕ್ಕಾ ಇದ್ರ ಅಷ್ಟ ಹೇಳ್ರಿ, ಯೂನಿಫಾರ್ಮ್ ಬಿಡ್ತೀನಿ’ ಅಂದರು.

ಪಕ್ಕಾ ಮಾಡಿಕೊಂಡು ಬರಲು ಹೋದವನು ನಾನು. ಹುದ್ದೆ: ಬಿಹೇವಿಯರ್ ಕನ್ಸಲ್ಟಂಟ್.

ಕೈಯಲ್ಲಿ ಐದು ಮುಖಗಳ ಹಾಳೆ. ಒಂದು ತುದಿಯಲ್ಲಿ ಅಳುವ ಮುಖ, ಇನ್ನೊಂದು ತುದಿಯಲ್ಲಿ ಹಲ್ಲು ಕಿರಿಯುವ ಮುಖ. ಕೋಟು ಹೇಗನಿಸಿತೋ ಆ ಮುಖ ಮುಟ್ಟಬೇಕು. ಹೆಂಗಸರು ಸಂಕೋಚದಿಂದ ಒಬ್ಬರ ಹಿಂದೆ ಒಬ್ಬರು ಸರಿದರು. ಸರಿ, ನಾನು ಮಿಮಿಕ್ರಿ ಶುರು ಮಾಡಿದೆ. (ಇದು ನನ್ನ ರೋಗ.) ಲ್ಯಾಪ್‌ಟಾಪ್ ಮುಂದೆ ವರ್ಧಮಾನ ‘ಇಂಪ್ಯಾಕ್ಟ್, ಇಂಪ್ಯಾಕ್ಟ್’ ಎಂದು ಜಪ ಮಾಡುವುದು, ಖಾನಾಪುರ ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬೈಯುವುದು, ಎಲ್ಲ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರೂ ಹಲ್ಲು ಕಿರಿಯುವ ಮುಖವನ್ನೇ ಮುಟ್ಟಿದರು.

ಆ ಮನೆಯ ಯಜಮಾನಿ, ಹಿರಿಯರಾದ ಗಂಗವ್ವ ಮಾತ್ರ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ಪಾಪ, ಬಿಸಲಾಗ ಬಂದೈತಿ ಹುಡುಗ’ ಎನ್ನುತ್ತ ಅವರೂ ಅದನ್ನೇ ಮುಟ್ಟಿದರು. ನನಗೆ ಕೇಳಿಸಿತು. ಆದರೆ ಅದನ್ನು ಬರೆದುಕೊಳ್ಳಲು ಹಾಳೆಯಲ್ಲಿ ಕಾಲಂ ಇರಲಿಲ್ಲ.

ಮಾರ್ಕ್ಸು ಸಿಕ್ಕಿದ್ದು ಕೋಟಿಗೋ, ಕಂಡಕ್ಟರಿಗೋ? ಯಾರು ಯೋಚಿಸಿದರು? ‘ಪಕ್ಕಾ’ ಅಂದೆ. ಆಪಾ ಯೂನಿಫಾರ್ಮ್ ಬಿಟ್ಟರು.

ಜುಲೈ ಬಂತು. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವ ಜಾತಿಯದಲ್ಲ. ಪಾರಿಶ್ವಾಡದ ಕಿರಾಣಿ ಅಂಗಡಿಯಲ್ಲಿ ನಮ್ಮ ಕೋಟುಗಳು ಸಾಲಾಗಿ ನೇತಾಡಿದವು. ನೇತಾಡುತ್ತಲೇ ಇದ್ದವು. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ನೋಡೂಣು ತಗೋರಿ.’

ನಮ್ಮ ಕಡೆ ‘ನೋಡೂಣು ತಗೋರಿ’ ಅಂದರೆ ‘ಇಲ್ಲ’ ಎಂದರ್ಥ. ಇಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಬೇಡವೇ? ಮದುವೆಯ ಊಟದಲ್ಲಿ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿದ್ದರೂ ‘ಅಡಗಿ ಭಾರೀ ಆಗೈತ್ರಿ’ ಎಂದು ಹೇಳಿ ಕೈ ತೊಳೆಯುವ ಜನ ನಾವು. ಇಂಥವರ ಕೈಗೆ ನಾನು ಐದು ಮುಖ ಕೊಟ್ಟೆ. ಒಂದು ಮುಖ ಕೊಟ್ಟಿದ್ದರೂ ಸಾಕಿತ್ತು.

ಪೀರನವಾಡಿಯ ಕೋಣೆಯಲ್ಲಿ ಮಷೀನು ಕಾಣದಷ್ಟು ಕೋಟಿನ ರಾಶಿ. ಇಬ್ಬರು ಹೆಂಗಸರು ಕೆಲಸಕ್ಕೆ ಬರುವುದನ್ನೇ ಬಿಟ್ಟರು. ಆಗ ವರ್ಧಮಾನ ಏನಂದ ಗೊತ್ತೇ? ‘ಅವೇರ್‌ನೆಸ್ ಕ್ಯಾಂಪ್ ಮಾಡೂಣು. ಮಂದಿ ಮೈಂಡ್‌ಸೆಟ್ ಚೇಂಜ್ ಆಗಬೇಕು.’

ಈ ಮೈಂಡ್‌ಸೆಟ್ ಎಂಬ ಪದ ಕೇಳಿದರೆ ನನಗೀಗ ಮೈ ಉರಿಯುತ್ತದೆ. ಯಾವಾಗಲೂ ಕೊಳ್ಳದವರಿಗೇ ಮೈಂಡ್‌ಸೆಟ್ ಯಾಕಿರುತ್ತದೆ? ಮಾರುವವರಿಗೆ ಇರುವುದಿಲ್ಲವೇ? (ಅವರಿಗೆ ಇರುವುದು ವಿಷನ್ ಅಂತೆ!)

ಆಪಾ ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಂಡರು. ‘ಅರೇ ಬಾಬಾ, ನಿಮ್ಮ ಮೈಂಡು, ಸೆಟ್ಟು ಎರಡೂ ಬಾಜೂಕ ಇಡ್ರಿ. ನಾನ ಬರ್ತೀನಿ, ನಡೀರಿ.’

ಪಾರಿಶ್ವಾಡದ ಗದ್ದೆಯಲ್ಲಿ ಗಂಗವ್ವ ಕೊಪ್ಪೆ ಹಾಕಿಕೊಂಡು ನಾಟಿ ಮಾಡುತ್ತಿದ್ದರು. ಆಪಾ ನಮ್ಮದೇ ಒಂದು ಕೋಟು ತೊಟ್ಟು, ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತರು. ಹಾಳೆ ಇಲ್ಲ, ಮುಖ ಇಲ್ಲ.

‘ಕಾಕೂ, ಇದನ್ನ ಹೊಲಿದಾಕಿ ನಾನ. ಹಾಕ್ಕೊಂಡ ಅರ್ಧಾ ತಾಸ ಆತು, ನನಗ ಸೇರವಲ್ದು. ಏನ ತಪ್ಪೈತಿ ಹೇಳ್ರಿ.’

ಗಂಗವ್ವ ನೆಟ್ಟಗೆ ನಿಂತರು. ‘ಖರೇ ಹೇಳ್ಲೇನ?’

‘ಖರೇನ ಹೇಳ್ರಿ.’

‘ಬಗ್ಗಿದ್ರ ಮ್ಯಾಲಕ ಸರದು ಸೊಂಟ ತೋಯ್ತೈತಿ. ತೋಳಿನಾಗ ರಾಡಿ ತುಂಬತೈತಿ. ಗುಂಡಿ ಬಿಚ್ಚಾಕ ಕೈ ಎಲ್ಲಿ ಖಾಲಿ ಅದಾವು? ಬೆವತು ಬೆವತು ಹೊರಗಿನಕಿಂತ ಒಳಗ ಹಸಿ!’

‘ಮತ್ತ ಬಣ್ಣಾ ನೋಡ, ಎತ್ತು ಬೆದರತಾವು’ ಎಂದಳು ಪಕ್ಕದ ಸಾಲಿನವಳೊಬ್ಬಳು, ತಲೆ ಎತ್ತದೆ. ಇಡೀ ಗದ್ದೆ ನಕ್ಕಿತು. ನಾನು ಯಾವ ಮಿಮಿಕ್ರಿಯನ್ನೂ ಮಾಡಿರಲಿಲ್ಲ.

ಆಪಾ ಗಂಗವ್ವನನ್ನು ಬಗ್ಗಿಸಿ ಬೆನ್ನಿನ ಅಳತೆ ತೆಗೆದುಕೊಂಡರು. ತಾವು ತೊಟ್ಟಿದ್ದ ಕೋಟು ಬಿಚ್ಚಿ ಎರಡೂ ತೋಳುಗಳನ್ನು ಅಲ್ಲೇ ಕರ್ ಎಂದು ಕತ್ತರಿಸಿದರು. ವರ್ಧಮಾನ ತನ್ನ ಕಿವಿಯನ್ನೇ ಕತ್ತರಿಸಿದಂತೆ ಮುಖ ಹಿಂಡಿದ. ಕೋಟಿನ ಗುಂಡಿ ಹೋಗಿ, ಕತ್ತರಿಸಿದ ತೋಳಿನ ಪಟ್ಟಿಯೇ ಲಾಡಿಯಾಗಿ ಬಂತು. ಗಂಗವ್ವ ಅದನ್ನು ಕಟ್ಟಿಕೊಂಡು ಬಗ್ಗಿದರು. ಒಂದು ಹಿಡಿ ಸಸಿ ನೆಟ್ಟರು, ಇನ್ನೊಂದು ಹಿಡಿ ನೆಟ್ಟರು. ಚಲೋ ಐತಿ ಅನ್ನಲಿಲ್ಲ. ಬಿಚ್ಚಲೂ ಇಲ್ಲ.

ಇಂಥ ಕೆಲಸಗಳಿಗೆ ಸೈಕಾಲಜಿ ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ನಾವು ಅದನ್ನು ಜನರಿಂದ ಹೂಂ ಅನ್ನಿಸಿಕೊಳ್ಳಲು ಹೊತ್ತು ತರುತ್ತೇವೆ. ಮನೆಗೆ ಬಂದವರ ಮುಖದ ಮೇಲೆ ಉಹೂಂ ಅನ್ನಲು ಅವರಿಗೆ ಸಲೀಸಾಗುವುದು ಹೇಗೆ ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆಪಾ ತಮ್ಮ ಹೊಲಿಗೆಯನ್ನು ತಾವೇ ಮೊದಲು ಹಳಿದರು. ಅಲ್ಲಿಗೆ ಗಂಗವ್ವನ ಬಾಯಿ ಬಿಚ್ಚಿತು. (ಬಹುಶಃ ನಾನು ಓಡಿಸಿ ನೋಡಿದ ವಿಡಿಯೊದಲ್ಲಿ ಇದೇ ಇತ್ತು.)

ಈಗ ಪೀರನವಾಡಿಯಲ್ಲಿ ಉಳಿದ ಕೋಟುಗಳ ತೋಳು ಕತ್ತರಿಸುವ ಕೆಲಸ ನಡೆದಿದೆ. ಈ ಸಲ ಹೋಗುತ್ತವೆಯೇ? ನನ್ನನ್ನು ಕೇಳಬೇಡಿ. ‘ಪಕ್ಕಾ’ ಎಂಬ ಪದವನ್ನು ನಾನು ಬಿಟ್ಟಿದ್ದೇನೆ.

ಆದರೂ ಆ ದಿನ ಗದ್ದೆಯಲ್ಲಿ ಸಿಟ್ಟು ತಡೆಯಲಾಗಲಿಲ್ಲ. ಆಪಾ ಅವರ ಒಂದು ಇಡೀ ಸೀಸನ್ ನೀರುಪಾಲಾಗಿತ್ತಲ್ಲ! ಬದುವಿನ ಮೇಲೆ ನಿಂತು ಕೂಗಿಯೇಬಿಟ್ಟೆ: ‘ಅಲ್ರೀ ಕಾಕೂ, ಇದನ್ನ ಏಪ್ರಿಲ್‌ದಾಗ ಹೇಳಾಕ ಏನಾಗಿತ್ರಿ? ಚಲೋ ಐತಿ ಅಂತ ಹಸೀ ಸುಳ್ಳ ಯಾಕ ಹೇಳಿದ್ರಿ?’

ಗಂಗವ್ವ ಬಗ್ಗಿದಲ್ಲಿಂದಲೇ ಅಂದರು: ‘ಅವತ್ತ ನಮ್ಮ ಮನ್ಯಾಗ ಸಕ್ಕರಿ ತೀರಿತ್ತೋ ತಮ್ಮಾ, ಸಪ್ಪನ ಚಹಾ ಕೊಟ್ಟಿದ್ನಿ. ನೀ ಎರಡ ಕಪ್ ಕುಡದು, ಫಸ್ಟ್ ಕ್ಲಾಸ್ ಆಗೇತಿ ಕಾಕೂ ಅಂದಿದ್ದಿ.’